ಮೋಟು ಗೋಡೆಯ ಆಚೆ

ಕೇಳುಗರೇ, ನಮಸ್ಕಾರ.

ಮಳೆಗಾಲದಲ್ಲಿ ನಮ್ಮ ತೀರ್ಥಹಳ್ಳಿ ಕಡೆಯ ಅಂಗಳ ಹೇಗಿರುತ್ತದೆ ಅಂತ ನಿಮಗೆ ಗೊತ್ತೇ ಇದೆ. ಪಾಚಿ ಕಟ್ಟಿರುತ್ತದೆ, ಕಾಲಿಟ್ಟರೆ ಜಾರುತ್ತದೆ. ಅಡಿಕೆ ದಬ್ಬೆ ಹಾಸಿ ಅದರ ಮೇಲೆ ಓಡಾಡುತ್ತೇವೆ. ‘ಜಾರೀತು, ಜೋಪಾನ’ ಅನ್ನುವ ಮಾತು ಕೇಳುತ್ತಲೇ ಬೆಳೆದವರು ನಾವು. ಇವತ್ತು ಜಾರುವುದನ್ನೇ ಕಲಿತು, ಆಮೇಲೆ ಅದನ್ನೇ ಕಲಿಸಿದ ಒಬ್ಬರ ಬಗ್ಗೆ ಹೇಳಬೇಕು ಅಂತ ಬಂದಿದ್ದೇನೆ.

ನಾನು ಮೂವತ್ತು ವರ್ಷ ಪಿಟಿ ಮೇಷ್ಟ್ರಾಗಿದ್ದವನು. ಮೊದಲು ಖೋ ಖೋ ಆಡಿದೆ, ಆಮೇಲೆ ಆಡಿಸಿದೆ. ಮೊಮ್ಮಗಳು ಶಿವಮೊಗ್ಗದಲ್ಲಿ ಚಕ್ರದ ಸ್ಕೇಟಿಂಗ್ ಕಲಿಯುತ್ತಾಳೆ. ಕಳೆದ ಮಳೆಗಾಲದಲ್ಲಿ ಕರೆಂಟ್ ಹೋದ ಒಂದು ಸಂಜೆ ಮೊಬೈಲಿನಲ್ಲಿ ವಿಡಿಯೋ ತೋರಿಸಿದಳು. 2010ರ ವ್ಯಾಂಕೂವರ್ ಒಲಿಂಪಿಕ್ಸ್, ಫಿಗರ್ ಸ್ಕೇಟಿಂಗ್, ಅಂದರೆ ಐಸ್ ಮೇಲೆ ಜಾರುತ್ತಾ, ನೆಗೆಯುತ್ತಾ, ಕುಣಿಯುವ ಸ್ಪರ್ಧೆ. ದಕ್ಷಿಣ ಕೊರಿಯಾದ ಕಿಮ್ ಯುನಾ, ನೀಲಿ ಉಡುಪು, ಐಸ್ ಮೇಲೆ ಒಂದು ಸಣ್ಣ ತಡವರಿಕೆಯೂ ಇಲ್ಲ. ‘ಎಷ್ಟು ಚಂದ ಅಲ್ವಾ ಅಜ್ಜ?’ ಅಂದಳು. ಚಂದವೇ. ಆದರೆ ನನ್ನ ಕಣ್ಣು ಹೋಗಿದ್ದು ಅಂಗಣದ ಸುತ್ತಲಿನ ಮೋಟು ಗೋಡೆಯ ಕಡೆ. ಅಲ್ಲೊಬ್ಬರು ನಿಂತಿದ್ದರು. ಹುಡುಗಿ ನೆಗೆದರೆ ಅವರೂ ನಿಂತಲ್ಲೇ ನೆಗೆಯುತ್ತಿದ್ದರು. ‘ಅವರು ಯಾರೇ?’ ಅಂತ ಕೇಳಿದೆ. ‘ಕೋಚು, ಬ್ರಯಾನ್ ಆರ್ಸರ್’ ಅಂದಳು.

ಅವತ್ತಿನಿಂದ ಅವರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ, ನೋಡಿದೆ.

ಆರ್ಸರ್ ಕೆನಡಾದವರು. ಆಕ್ಸೆಲ್ ಅನ್ನುವ ನೆಗೆತ ಅವರ ಕೈವಶ. ನಾರ್ವೆಯ ಆಕ್ಸೆಲ್ ಪಾಲ್ಸೆನ್ 1882ರಲ್ಲಿ ಮಾಡಿ ತೋರಿಸಿದ್ದಕ್ಕೆ ಆ ಹೆಸರು. ಉಳಿದ ನೆಗೆತಗಳಿಗೆ ಬೆನ್ನು ಮುಂದಾಗಿ ಹೊರಡುತ್ತಾರೆ, ಇದಕ್ಕೆ ಮಾತ್ರ ಮುಖ ಮುಂದಾಗಿ. ಇಳಿಯುವುದು ಹಿಮ್ಮುಖವಾಗಿಯೇ. ಹಾಗಾಗಿ ಟ್ರಿಪಲ್ ಆಕ್ಸೆಲ್ ಅಂದರೆ ಮೂರಲ್ಲ, ಮೂರೂವರೆ ಸುತ್ತು. ಅಷ್ಟೂ ಒಂದು ಸೆಕೆಂಡಿನೊಳಗೆ ಮುಗಿಯಬೇಕು. ಇಳಿಯುವಾಗ ಮೈಭಾರವೆಲ್ಲ ಒಂದು ತೆಳು ಅಲಗಿನ ಮೇಲೆ. ಒಲಿಂಪಿಕ್ಸ್‌ನಲ್ಲಿ ಅದನ್ನು ಮೊದಲು ಮಾಡಿದವರು ಆರ್ಸರ್, 1984ರಲ್ಲಿ, ಸರಾಯೆವೊದಲ್ಲಿ.

ಆದರೂ ಚಿನ್ನ ಬರಲಿಲ್ಲ. ಆಗ ಸ್ಪರ್ಧೆಯಲ್ಲಿ ಇನ್ನೊಂದು ಭಾಗ ಇತ್ತು. ಐಸ್ ಮೇಲೆ ಎಂಟರ ಆಕಾರ ಬಿಡಿಸಿ, ಅದೇ ಗೆರೆ ಮೇಲೆ ಮತ್ತೆ ಮತ್ತೆ ಹೋಗಬೇಕು. ನಾವು ಮರಳಿನ ಮೇಲೆ ‘ಅ’ ತಿದ್ದಿದ ಹಾಗೆ. ತೀರ್ಪುಗಾರರು ಬಗ್ಗಿ ಗೆರೆ ನೋಡುತ್ತಿದ್ದರು. ಅದರಲ್ಲಿ ಆರ್ಸರ್ ಏಳನೆಯವರು. ಉಳಿದ ಎರಡು ಸುತ್ತಿನಲ್ಲೂ ಅವರೇ ಮೊದಲು ಬಂದರೂ ಒಟ್ಟು ಲೆಕ್ಕದಲ್ಲಿ ಬೆಳ್ಳಿ.

1987ರಲ್ಲಿ ವಿಶ್ವ ಚಾಂಪಿಯನ್ ಆದರು. ಮುಂದಿನ ವರ್ಷ ಒಲಿಂಪಿಕ್ಸ್ ಅವರದೇ ದೇಶದಲ್ಲಿ, ಕ್ಯಾಲ್ಗರಿಯಲ್ಲಿ. ಉದ್ಘಾಟನೆ ದಿನ ಕೆನಡಾದ ಬಾವುಟ ಹಿಡಿದು ಮುಂದೆ ನಡೆದವರೂ ಅವರೇ. ಎದುರಾಳಿಯ ಹೆಸರೂ ಬ್ರಯಾನ್, ಅಮೆರಿಕದ ಬ್ರಯಾನ್ ಬೊಯ್ಟಾನೊ. ಕೊನೆಯ ಸುತ್ತಿನಲ್ಲಿ ಆರ್ಸರ್ ಒಂದು ನೆಗೆತದಿಂದ ಇಳಿಯುವಾಗ ಸ್ವಲ್ಪ ಎಡವಟ್ಟಾಯಿತು. ಎರಡನೇ ಟ್ರಿಪಲ್ ಆಕ್ಸೆಲ್ ಮಾಡಬೇಕಾದಲ್ಲಿ ಡಬಲ್‌ಗೆ ಇಳಿಸಿಕೊಂಡರು. ಒಂಬತ್ತು ತೀರ್ಪುಗಾರರಲ್ಲಿ ಐವರು ಬೊಯ್ಟಾನೊ ಕಡೆ, ನಾಲ್ವರು ಇವರ ಕಡೆ. ಮತ್ತೆ ಬೆಳ್ಳಿ.

ಇಲ್ಲಿ ನನ್ನದೊಂದು ಮಾತು ಹೇಳಬೇಕು. ಆಡುವ ಕಾಲದಲ್ಲಿ ನಾನು ಚೆನ್ನಾಗಿ ಕಂಬ ಸುತ್ತುತ್ತಿದ್ದೆ. ಮೇಷ್ಟ್ರಾದ ಹೊಸದರಲ್ಲಿ, ಜಿಲ್ಲಾ ಮಟ್ಟದ ಪಂದ್ಯದಲ್ಲಿ ಒಬ್ಬಳು ಹುಡುಗಿ ಕಂಬದ ಹತ್ತಿರ ಜಾರಿ ಬಿದ್ದಳು. ಎಲ್ಲರ ಎದುರಿಗೆ ಕೂಗಿಬಿಟ್ಟೆ: ‘ನಾನಾಗಿದ್ದರೆ ಬೀಳುತ್ತಿರಲಿಲ್ಲ!’ ಅವಳು ಮೊಣಕಾಲಿನ ಮಣ್ಣು ಒರೆಸಿಕೊಂಡು ನನ್ನನ್ನೇ ನೋಡಿದಳು. ಮಾರನೇ ದಿನದಿಂದ ಮೈದಾನಕ್ಕೆ ಬರಲಿಲ್ಲ. ಆ ನೋಟ ಇವತ್ತಿಗೂ ಕಣ್ಣ ಮುಂದೆ ಬರುತ್ತದೆ. ಆಟ ಗೊತ್ತಿದ್ದರೆ ಸಾಕು, ಕಲಿಸಲು ಬರುತ್ತದೆ ಅಂದುಕೊಂಡಿದ್ದೆ.

ಆರ್ಸರ್ ಕ್ಯಾಲ್ಗರಿ ಆದಮೇಲೆ ಬಹಳ ವರ್ಷ ಐಸ್ ಪ್ರದರ್ಶನಗಳಲ್ಲಿ ಸ್ಕೇಟ್ ಮಾಡಿದರು. ಆಮೇಲೆ ಟೊರಾಂಟೊದ ಒಂದು ಹಳೆಯ ಕ್ಲಬ್ಬಿನಲ್ಲಿ ಕಲಿಸಲು ಶುರು ಮಾಡಿದರು. ಜೊತೆಗೆ ಟ್ರೇಸಿ ವಿಲ್ಸನ್. ಅದೇ ಕ್ಯಾಲ್ಗರಿಯಲ್ಲಿ ಐಸ್ ಡಾನ್ಸ್‌ನಲ್ಲಿ ಕಂಚು ಗೆದ್ದವರು ಅವರು. ಅಲ್ಲಿಗೆ ಕಿಮ್ ಯುನಾ ಬಂದಳು. ವ್ಯಾಂಕೂವರ್ ಹೊತ್ತಿಗೆ ಅವಳಿಗೆ 19 ವರ್ಷ. ಇಡೀ ಕೊರಿಯಾ ಅವಳ ಚಿನ್ನಕ್ಕೇ ಕಾದು ಕೂತಿತ್ತು. ಆ ಭಾರ ಎಷ್ಟು ಅಂತ ಆರ್ಸರ್‌ಗೆ ಯಾರೂ ವಿವರಿಸಬೇಕಿರಲಿಲ್ಲ. ಕ್ಯಾಲ್ಗರಿಯಲ್ಲಿ ಅದನ್ನು ಹೊತ್ತವರೇ ಅವರು. ಅವಳಿಗೆ 228.56 ಅಂಕ ಬಂತು, ಆಗಿನ ವಿಶ್ವದಾಖಲೆ. ತನಗೆ ಸಿಗದ ಚಿನ್ನ ಶಿಷ್ಯೆಯ ಕೊರಳಿಗೆ ಬಿದ್ದಾಗ ಗೋಡೆಯ ಆಚೆ ನಿಂತ ಆ ಮನುಷ್ಯನಿಗೆ ಏನನ್ನಿಸಿರಬೇಕು! ಅದೇ ವರ್ಷದ ಆಗಸ್ಟ್‌ನಲ್ಲಿ ಇಬ್ಬರೂ ಬೇರೆಯಾದರು. ಕಲಿಸುವವರ ಬದುಕಿನಲ್ಲಿ ಅದೂ ಇರುತ್ತದೆ.

2012ರಲ್ಲಿ ಜಪಾನಿನಿಂದ ಹದಿನೇಳರ ಹುಡುಗ ಯುಜುರು ಹನ್ಯೂ ಬಂದ. ಸೆಂಡೈ ಊರಿನವನು. 2011ರ ಭೂಕಂಪ ಆದಾಗ ಅಲ್ಲಿನ ಅಂಗಣದಲ್ಲಿ ಅಭ್ಯಾಸ ಮಾಡುತ್ತಿದ್ದವನು, ಕಾಲಲ್ಲಿ ಸ್ಕೇಟ್ಸ್ ಇದ್ದ ಹಾಗೇ ಹೊರಗೆ ಓಡಿದ್ದ. ಸ್ಪೇನಿನ ಹಾವಿಯರ್ ಫೆರ್ನಾಂಡೆಸ್ ಮೊದಲೇ ಅಲ್ಲಿದ್ದ. ಒಬ್ಬರನ್ನೊಬ್ಬರು ಸೋಲಿಸಬೇಕಾದ ಇಬ್ಬರು, ಒಂದೇ ಐಸ್, ಒಬ್ಬರೇ ಗುರು. 2014ರ ಸೋಚಿಯಲ್ಲಿ ಹನ್ಯೂಗೆ ಚಿನ್ನ, ಫೆರ್ನಾಂಡೆಸ್ ನಾಲ್ಕನೇ ಸ್ಥಾನ. ಅವತ್ತು ಆರ್ಸರ್ ಒಬ್ಬನ ಬೆನ್ನು ತಟ್ಟಬೇಕು, ಇನ್ನೊಬ್ಬನ ಪಕ್ಕದಲ್ಲಿ ಸುಮ್ನೆ ಕೂರಬೇಕು. ಎರಡನೆಯದು ಜಾಸ್ತಿ ಕಷ್ಟ ಅಂತ ನನಗೆ ಅನ್ನಿಸುತ್ತದೆ. 2015 ಮತ್ತು 2016ರಲ್ಲಿ ಫೆರ್ನಾಂಡೆಸ್ ವಿಶ್ವ ಚಾಂಪಿಯನ್ ಆದ. 2018ರ ಪ್ಯೊಂಗ್‌ಚಾಂಗ್‌ನಲ್ಲಿ ಹನ್ಯೂಗೆ ಮತ್ತೆ ಚಿನ್ನ, ಫೆರ್ನಾಂಡೆಸ್‌ಗೆ ಕಂಚು. ಇಬ್ಬರೂ ಒಂದೇ ವೇದಿಕೆ ಮೇಲೆ.

ಮೊನ್ನೆ ಭಾನುವಾರ ಬೆಳಿಗ್ಗೆ ಮೊಮ್ಮಗಳ ಜೊತೆ ಅಭ್ಯಾಸಕ್ಕೆ ಹೋಗಿದ್ದೆ. ತಿರುವಿನಲ್ಲಿ ಬಿದ್ದಳು. ಅಂಗೈ ತರಚಿತು. ಎದ್ದವಳೇ ನನ್ನ ಕಡೆ ನೋಡಿದಳು. ನಾನು ಗೋಡೆ ಮೇಲೆ ಕೈಯಿಟ್ಟು ನಿಂತಿದ್ದೆ. ಬಾಯಿಗೆ ಬಂದ ಮಾತು ನುಂಗಿಕೊಂಡು ತಲೆಯಾಡಿಸಿದೆ. ಅಂಗೈ ಚಡ್ಡಿಗೆ ಒರೆಸಿಕೊಂಡು ಮತ್ತೆ ಹೊರಟಳು. ಅದೇ ತಿರುವು ಬಂತು. ಅವಳು ಮೈ ಬಾಗಿಸಿ ಬಲಗಾಲು ಎತ್ತಿದಳು. ಗೋಡೆಯ ಈಚೆ ನನ್ನ ಬಲಗಾಲೂ ನೆಲ ಬಿಟ್ಟಿತ್ತು.

ನಮಸ್ಕಾರ.