ಒಂಟಿ ಗಾಲಿಯ ಹ್ಯಾಂಡಲ್

ನಮಸ್ಕಾರ ಕೇಳುಗರೇ. ನಾನು ಸೈಕಲ್ ಫ್ರೇಮ್ ಕಟ್ಟುವವನು. ಅದರಲ್ಲೂ ಒಂಟಿ ಗಾಲಿ ಸೈಕಲ್ಲಿನ ಫ್ರೇಮ್. ಕಲ್ಲು, ಬೇರು, ಕೆಸರು ಇರುವ ಗುಡ್ಡದ ಕಾಲುದಾರಿಯಲ್ಲಿ ಒಂದೇ ಗಾಲಿಯ ಮೇಲೆ ಹೋಗುವವರಿದ್ದಾರೆ. ಅವರ ಅಳತೆ ತೆಗೆದುಕೊಂಡು ಒಂದೊಂದಾಗಿ ಕಟ್ಟಿಕೊಡುತ್ತೇನೆ. ಈಗ ರೇಡಿಯೋ ಮುಂದೆ ಕೂತಿರುವವರಲ್ಲಿ ಇಬ್ಬರು ಮೂವರಾದರೂ ಇಂಥ ಸೈಕಲ್ ತುಳಿಯುವವರು ಇರಬಹುದು. ಬೆಸುಗೆ ಕೆಲಸ ಬಲ್ಲವರು ಇನ್ನೂ ಜಾಸ್ತಿ ಇರಬಹುದು. ನಿಮ್ಮನ್ನು ಎದುರಿಗೆ ಕೂರಿಸಿಕೊಂಡಿದ್ದೇನೆ ಅಂದುಕೊಂಡೇ ಮಾತಾಡುತ್ತೇನೆ.

ಹೇಳುವುದು ಒಂದೇ ಮಾತು. ಗುಡ್ಡ ಹತ್ತುವ ಒಂಟಿ ಗಾಲಿಗೆ ಹ್ಯಾಂಡಲ್ ಬೇಕು. ಆ ಹ್ಯಾಂಡಲ್ ಫ್ರೇಮಿಗೇ ಬೆಸೆದಿರಬೇಕು. ಸೀಟಿನ ಕೆಳಗೆ ಬೋಲ್ಟ್ ಹಾಕಿ ನೇತುಹಾಕಿದ ಹ್ಯಾಂಡಲ್ ಸಾಲದು. ಈ ಮಾತನ್ನು ಇನ್ನೂ ನಾಲ್ಕೈದು ಸಲ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

"ಒಂದೇ ಗಾಲಿ ಇರುವಾಗ ಹ್ಯಾಂಡಲ್ ಯಾಕೆ? ತಿರುಗಿಸೋಕೆ ಮುಂದಿನ ಗಾಲಿ ಎಲ್ಲಿದೆ?" ಎಲ್ಲರೂ ಕೇಳುವ ಪ್ರಶ್ನೆ ಇದು. ಮೊದಲು ಇದನ್ನು ಮುಗಿಸಿಬಿಡೋಣ. ಈ ಹ್ಯಾಂಡಲ್ ತಿರುಗುವುದಿಲ್ಲ. ತಿರುಗುವುದು ತುಳಿಯುವವರ ಸೊಂಟ ಮತ್ತು ಭುಜ. ಅದರ ಜೊತೆಗೆ ಸೀಟು, ಫ್ರೇಮ್, ಗಾಲಿ ಎಲ್ಲ ಒಟ್ಟಿಗೇ ತಿರುಗುತ್ತವೆ. ಹ್ಯಾಂಡಲ್ ಇರುವುದು ಎಳೆಯುವುದಕ್ಕೆ. ಮೇಲಕ್ಕೆ ಎಳೆಯುವುದಕ್ಕೆ.

ಯಾಕೆ ಎಳೆಯಬೇಕು? ಇಂಥ ಒಂಟಿ ಗಾಲಿಯಲ್ಲಿ ಚೈನ್ ಇಲ್ಲ, ಗೇರ್ ಇಲ್ಲ. ಕ್ರ್ಯಾಂಕ್, ಅಂದರೆ ಪೆಡಲ್ ಕೂತ ತೋಳು, ನೇರವಾಗಿ ಗಾಲಿಯ ನಡುವಿನ ಹಬ್ಬಿಗೇ ಕೂತಿರುತ್ತದೆ. ಪೆಡಲ್ ಒಂದು ಸುತ್ತು ಬಂದರೆ ಗಾಲಿಯೂ ಒಂದೇ ಸುತ್ತು. (ಸ್ವಿಟ್ಜರ್ಲೆಂಡಿನ ಶ್ಲುಂಫ್ ಅವರು ಹಬ್ಬಿನೊಳಗೇ ಗೇರ್ ಇಟ್ಟಿದ್ದಾರೆ. ಅದು ವೇಗಕ್ಕೆ, ಏರಿಗೆ ಅಲ್ಲ. ಅದನ್ನು ಇಲ್ಲಿಗೇ ಬಿಡೋಣ.) ಏರು ಬಂದಾಗ ನಿಮ್ಮ ಹತ್ತಿರ ಇರುವುದು ನಿಮ್ಮ ತೂಕ ಮಾತ್ರ. 70 ಕಿಲೋ ಇರುವವರು ಒಂದು ಪೆಡಲ್ ಮೇಲೆ ಪೂರ್ತಿ ನಿಂತರೂ ಬೀಳುವುದು 70 ಕಿಲೋ ಭಾರ. ಅದಕ್ಕಿಂತ ಜಾಸ್ತಿ ಒತ್ತಲು ಹೋದರೆ ಮೈ ಮೇಲಕ್ಕೆ ಏಳುತ್ತದೆಯೇ ಹೊರತು ಪೆಡಲ್ ಕೆಳಗೆ ಹೋಗುವುದಿಲ್ಲ. ಈಗ ಕೈಗೆ ಒಂದು ಹಿಡಿ ಸಿಕ್ಕಿತು ಅಂತಿಟ್ಟುಕೊಳ್ಳಿ. ಅದನ್ನು 20 ಕಿಲೋ ಬಲದಲ್ಲಿ ಮೇಲಕ್ಕೆ ಎಳೆದಿರಿ. ಪೆಡಲ್ ಮೇಲೆ 90 ಕಿಲೋ ಬಿತ್ತು. ತುಂಬಿದ ಕೊಡ ಎತ್ತುವಾಗ ಕಾಲು ನೆಲಕ್ಕೆ ಒತ್ತುತ್ತದಲ್ಲ, ಹಾಗೆ.

ಇನ್ನೊಂದು ಕಾರಣವೂ ಇದೆ. ಪೆಡಲ್ ಇರುವುದು ಗಾಲಿಯ ಪಕ್ಕದಲ್ಲಿ. ಬಲಗಾಲು ಒತ್ತಿದಾಗ ಗಾಲಿ ಒಂದು ಕಡೆ ಎಳೆಯುತ್ತದೆ, ಎಡಗಾಲು ಒತ್ತಿದಾಗ ಇನ್ನೊಂದು ಕಡೆ. ಸಮತಟ್ಟು ದಾರಿಯಲ್ಲಿ ಒತ್ತಡ ಕಡಿಮೆ, ಗೊತ್ತೇ ಆಗುವುದಿಲ್ಲ. ಏರಿನಲ್ಲಿ ಗಾಲಿ ಹಾವಿನ ಹಾಗೆ ಹರಿದಾಡುತ್ತದೆ. ಅದನ್ನು ತಡೆಯಬೇಕಾದರೂ ಕೈಗೆ ಗಟ್ಟಿಯಾದ ಹಿಡಿ ಬೇಕು.

ಗಟ್ಟಿ ಅಂದರೆ ಎಷ್ಟು ಗಟ್ಟಿ? ಅದು ನನಗೆ ಗೊತ್ತಾದ ಕಥೆ ಹೇಳುತ್ತೇನೆ.

ಕೆಲವು ವರ್ಷದ ಹಿಂದೆ ಒಬ್ಬ ಹುಡುಗಿ ಸೈಕಲ್ಲನ್ನು ಹೆಗಲ ಮೇಲೆ ಹೊತ್ತುಕೊಂಡು ನನ್ನ ಶೆಡ್ಡಿಗೆ ಬಂದಳು. 26 ಇಂಚಿನ ಗಾಲಿ, 3 ಇಂಚು ದಪ್ಪದ ಟೈರ್, 150 ಮಿಲಿಮೀಟರ್ ಕ್ರ್ಯಾಂಕ್. ಒಳ್ಳೆಯ ಸೈಕಲ್. ಸೀಟಿನ ಮೂತಿಯ ಕೆಳಗೆ ಬೋಲ್ಟ್ ಹಾಕಿದ ಹಿಡಿಯೂ ಇತ್ತು. "ಸರ್, ಒಂದು ಏರು ಇದೆ. ಮೂರು ತಿಂಗಳಿಂದ ಹತ್ತೋಕೆ ನೋಡ್ತಿದೀನಿ. ಅರ್ಧಕ್ಕೆ ಬರೋಷ್ಟರಲ್ಲಿ ಗಾಲಿ ಕೈಗೆ ಸಿಗಲ್ಲ, ಇಳಿದುಬಿಡ್ತೀನಿ" ಅಂದಳು.

ನಾನು ಮೊದಲು ಕ್ರ್ಯಾಂಕ್ ಬದಲಿಸಿದೆ. 165 ಹಾಕಿಕೊಟ್ಟೆ. ಕ್ರ್ಯಾಂಕ್ ಉದ್ದ ಆದಷ್ಟೂ ಗಾಲಿ ಸುಲಭವಾಗಿ ತಿರುಗುತ್ತೆ, ಅಲ್ವಾ? ಒಂದು ವಾರ ಬಿಟ್ಟು ವಾಪಸ್ ಬಂದಳು. ಕಾಲಿನ ಸುತ್ತು ದೊಡ್ಡದಾಗಿ ಮೈ ಇನ್ನೂ ಜಾಸ್ತಿ ಓಲಾಡುತ್ತಿತ್ತು. ಆಮೇಲೆ ಟೈರಿನ ಗಾಳಿ ಇಳಿಸಿ ನೋಡಿದೆವು. ಕಲ್ಲಿನ ಮೇಲೆ ಹಿಡಿತ ಬಂತು. ಏರು ಮಾತ್ರ ಹಾಗೇ ಉಳಿಯಿತು.

ಮೂರನೇ ಸಲ ಬಂದಾಗ ಅವಳನ್ನು ಗೋಡೆಯ ಪಕ್ಕ ಸೈಕಲ್ ಮೇಲೆ ಕೂರಿಸಿದೆ. ಗಾಲಿ ಉರುಳದ ಹಾಗೆ ಮುಂದೆ ಒಂದು ಮರದ ತುಂಡು ಒಡ್ಡಿದೆ. "ಏರು ಹತ್ತೋವಾಗ ಎಳೀತೀಯಲ್ಲ, ಹಾಗೇ ಎಳಿಯಮ್ಮಾ" ಅಂದೆ. ನಾನು ನೆಲದ ಮೇಲೆ ಕೂತು ಸೀಟಿನ ಕೆಳಗೇ ನೋಡುತ್ತಿದ್ದೆ. ಅವಳು ಬಲಗಾಲು ಒತ್ತಿ ಹಿಡಿಯನ್ನು ಎಳೆದಳು. ಸೀಟಿನ ಮೂತಿ ಒಂದು ಬೆರಳು ದಪ್ಪ ಮೇಲಕ್ಕೆ ಎದ್ದಿತು. ಸಡಿಲ ಬಿಟ್ಟಳು, ಕೆಳಗೆ ಕೂತಿತು. ಎಡಗಾಲು ಒತ್ತಿ ಎಳೆದಳು. ಮತ್ತೆ ಎದ್ದಿತು, ಈ ಸಲ ಒಂದು ಕಡೆಗೆ ಸೊಟ್ಟಗೆ.

ಸೀಟ್ ಪೈಪ್ ಬಿಚ್ಚಿ ಬೆಳಕಿಗೆ ಹಿಡಿದೆ. 27.2 ಮಿಲಿಮೀಟರಿನ ಅಲ್ಯೂಮಿನಿಯಂ ಪೈಪ್. ಕ್ಲ್ಯಾಂಪ್ ಹಿಡಿದಿದ್ದ ಜಾಗದಲ್ಲಿ ಸಣ್ಣ ಸಣ್ಣ ಗೀರುಗಳು. ಸೀಟನ್ನು ಮೇಲೆ ಕೆಳಗೆ ಮಾಡುವಾಗ ಪೈಪಿನ ಮೇಲೆ ಉದ್ದುದ್ದ ಗೀರು ಬೀಳುತ್ತದೆ, ಅದನ್ನು ನೀವೂ ನೋಡಿರುತ್ತೀರಿ. ಇವು ಅಡ್ಡಕ್ಕೆ ಇದ್ದವು. ಒಡೆದ ಬಳೆಯ ಚೂರಿನ ಹಾಗೆ, ಒಂದರ ಮೇಲೊಂದು. ಅಂದರೆ ಪೈಪ್ ಫ್ರೇಮಿನೊಳಗೆ ತಿರುಗುತ್ತಿತ್ತು. ಅವಳ ಒಂದೊಂದು ತುಳಿತಕ್ಕೂ ಒಂದು ಕೂದಲೆಳೆಯಷ್ಟು ಆ ಕಡೆ, ಒಂದು ಕೂದಲೆಳೆಯಷ್ಟು ಈ ಕಡೆ. ಕ್ಲ್ಯಾಂಪ್ ಬಿಗಿಯಾಗಿಯೇ ಇತ್ತು, ನಾನೇ ಬಿಚ್ಚಿದ್ದಲ್ಲವೇ.

ಎಷ್ಟು ಸರಳ ವಿಷಯ ನೋಡಿ. ಅವಳ ಕೈಯ ಬಲ ಫ್ರೇಮ್ ಮುಟ್ಟಬೇಕಾದರೆ ಮೂರು ಜೋಡಣೆ ದಾಟಬೇಕು. ಹಿಡಿ ಸೀಟಿನ ತಳಕ್ಕೆ ಕೂತ ಜಾಗ. ಸೀಟು ಪೈಪಿಗೆ ಕೂತ ಜಾಗ. ಪೈಪು ಫ್ರೇಮಿಗೆ ಕೂತ ಜಾಗ. ಮೂರು ಕಡೆಯೂ ಸ್ವಲ್ಪ ಸ್ವಲ್ಪ ಸೋರುತ್ತದೆ. ಸೀಟಿನ ತಳವಂತೂ ಸಾಮಾನ್ಯವಾಗಿ ಪ್ಲಾಸ್ಟಿಕ್, ಬಾಗುವುದೇ ಅದರ ಗುಣ. ಮೂರು ತಿಂಗಳು ಆ ಹುಡುಗಿ ಸೀಟನ್ನು ಬಗ್ಗಿಸುವುದಕ್ಕೆ ತೋಳು ಸವೆಸಿದ್ದಳು.

ಅವತ್ತೇ ಒಂದು ಹಳೆಯ ಹ್ಯಾಂಡಲ್ ಪೈಪನ್ನು ಕತ್ತರಿಸಿದೆ. ಹಳೇ ಟ್ಯೂಬನ್ನು ಉದ್ದಕ್ಕೆ ಸೀಳಿ ಪಟ್ಟಿ ಮಾಡಿದೆ. ಆ ಪಟ್ಟಿಯಿಂದ ಪೈಪನ್ನು ಫ್ರೇಮಿನ ಕತ್ತಿಗೆ, ಅಂದರೆ ಸೀಟ್ ಪೈಪ್ ಇಳಿಯುವ ಕೊಳವೆಗೆ, ಬಿಗಿಯಾಗಿ ಸುತ್ತಿ ಕಟ್ಟಿದೆ. ರಬ್ಬರ್ ಪಟ್ಟಿ ಎಳೆದು ಎಳೆದು ಹತ್ತು ಸುತ್ತು ಸುತ್ತಿದರೆ ಎಂಥ ಪೈಪೂ ಅಲ್ಲಾಡುವುದಿಲ್ಲ. ಶೆಡ್ಡಿನ ಮುಂದೆ ತುಳಿಯಲು ಹೇಳಿದೆ. ನಾನು ಅದನ್ನು ಉದ್ದವಾಗಿ, ಮುಂದಕ್ಕೆ ಚಾಚಿ ಕಟ್ಟಿದ್ದೆ. ಮೈ ಮುಂದಕ್ಕೆ ಬಾಗಿದರೆ ಆರಾಮ ಅನ್ನುವುದು ನನ್ನ ಲೆಕ್ಕ. ಅವಳು ಎರಡು ಸುತ್ತು ಹಾಕಿ ಬಂದು, "ಇಷ್ಟು ದೂರ ಬೇಡ ಸರ್. ಎಳೆದಾಗ ಸೀಟು ಹಿಂದಕ್ಕೆ ವಾಲುತ್ತೆ" ಅಂದಳು. ಬಿಚ್ಚಿದೆ, ಹತ್ತಿರ ತಂದು ಕಟ್ಟಿದೆ. ಮತ್ತೆ ಬಿಚ್ಚಿದೆ, ಇನ್ನೂ ಸ್ವಲ್ಪ ಕೆಳಗೆ ತಂದೆ. ಸಂಜೆಯವರೆಗೂ ಇದೇ ನಡೆಯಿತು. ಕೊನೆಗೆ ಅವಳಿಗೆ ಹಿಡಿಸಿದ್ದು ಸೀಟಿನ ಮೂತಿಯಿಂದ ಒಂದು ಗೇಣಿಗಿಂತ ಕಡಿಮೆ ದೂರ, ಸೀಟಿಗಿಂತ ನಾಲ್ಕು ಬೆರಳು ಕೆಳಗೆ. ಅವಳು ಹೇಳಿದ್ದೇ ಸರಿ. ಗುಡ್ಡಕ್ಕೆ ಗಿಡ್ಡ ಹ್ಯಾಂಡಲ್. ಮುಂದಕ್ಕೆ ಚಾಚಿದ ಉದ್ದ ಹ್ಯಾಂಡಲ್ 36 ಇಂಚಿನ ಗಾಲಿಯಲ್ಲಿ ರಸ್ತೆ ಮೇಲೆ ದೂರ ಹೋಗುವವರಿಗೆ. ಅವರು ಅದರ ಮೇಲೆ ಭಾರ ಬಿಟ್ಟು ಸುಧಾರಿಸಿಕೊಳ್ಳುತ್ತಾರೆ. ಏರಿನಲ್ಲಿ ಎಳೆತ ನೇರ ಮೇಲಕ್ಕೆ ಇರಬೇಕು, ಮೈ ಪಕ್ಕದಲ್ಲೇ ಇರಬೇಕು.

ಸೀಮೆಸುಣ್ಣದಲ್ಲಿ ಗುರುತು ಹಾಕಿಕೊಂಡು ಅವಳಿಗಾಗಿ ಹೊಸ ಫ್ರೇಮನ್ನೇ ಕಟ್ಟಿದೆ. ಹ್ಯಾಂಡಲ್ ಫ್ರೇಮಿನ ಕತ್ತಿನಿಂದಲೇ ಕೊಂಬೆಯ ಹಾಗೆ ಹೊರಟಿತ್ತು. ಕೊಟ್ಟು ಹತ್ತು ದಿನ ಆದ ಮೇಲೆ ಫೋನ್ ಬಂತು. "ಸರ್, ಹತ್ತಿದೆ" ಅಂದಳು. ಅಷ್ಟೇ. ಏದುಸಿರು ಇನ್ನೂ ಕೇಳಿಸುತ್ತಿತ್ತು.

ಕಥೆ ಉದ್ದ ಆಯಿತು, ಉಳಿದದ್ದನ್ನು ಬೇಗ ಬೇಗ ಹೇಳುತ್ತೇನೆ.

ಕಾರ್ಖಾನೆಯಿಂದ ಬರುವ ಸೈಕಲ್ಲುಗಳಲ್ಲಿ ಹಿಡಿ ಯಾಕೆ ಸೀಟಿಗೇ ಇರುತ್ತದೆ? ಅದಕ್ಕೆ ಕಾರಣ ಇದೆ. ಅದೇ ಫ್ರೇಮಿನ ಮೇಲೆ ಕುಳ್ಳಗಿರುವವರೂ ಕೂರಬೇಕು, ಎತ್ತರ ಇರುವವರೂ ಕೂರಬೇಕು. ಸೀಟು ಮೇಲೆ ಹೋದರೆ ಹಿಡಿಯೂ ಮೇಲೆ ಹೋಗಲಿ ಅಂತ ಸೀಟಿಗೇ ಕಟ್ಟುತ್ತಾರೆ. ಅವರ ಮಟ್ಟಿಗೆ ಅದು ಸರಿ. ಆದರೆ ನಿಮ್ಮ ಅಳತೆಗೆ ಅಂತಲೇ ಫ್ರೇಮ್ ಮಾಡಿಸುವಾಗ ಆ ಕಷ್ಟ ಎಲ್ಲಿದೆ? ನಿಮ್ಮ ಕಾಲಿನ ಉದ್ದ ಬದಲಾಗುವುದಿಲ್ಲ, ಸೀಟಿನ ಎತ್ತರ ಬದಲಾಗುವುದಿಲ್ಲ. ಖರ್ಚು ಮಾಡಿ, ಕಾದು, ಫ್ರೇಮ್ ಮಾಡಿಸಿಕೊಂಡು, ಆಮೇಲೆ "ಹಿಡಿ ಸೀಟಿಗೇ ಇರಲಿ, ಎಲ್ಲರದ್ದೂ ಹಾಗೇ ಇದೆಯಲ್ಲ" ಅನ್ನುವವರು ಈಗಲೂ ಬರುತ್ತಾರೆ. ಪ್ರತಿ ಸಲ ಅವರನ್ನು ಕೂರಿಸಿಕೊಂಡು ಆ ಅಡ್ಡ ಗೀರಿನ ಪೈಪ್ ತೋರಿಸುತ್ತೇನೆ. ಅದು ಇನ್ನೂ ನನ್ನ ಹತ್ತಿರ ಇದೆ.

1980ರ ದಶಕದಲ್ಲಿ ಅಲಾಸ್ಕಾದ ಸೆವಾರ್ಡ್‌ನಲ್ಲಿ ಜಾರ್ಜ್ ಪೆಕ್ ಅನ್ನುವವರು ಗುಡ್ಡದ ದಾರಿಯಲ್ಲಿ ಒಂಟಿ ಗಾಲಿ ತುಳಿಯುತ್ತಿದ್ದರು. ಆಮೇಲೆ ಕೆನಡಾದ ಕ್ರಿಸ್ ಹೋಮ್ ಇದನ್ನು ತುಂಬ ಜನರಿಗೆ ಮುಟ್ಟಿಸಿದರು. ಆ ಕಾಲದಿಂದ ಈ ಸೈಕಲ್ಲಿನಲ್ಲಿ ಏನೆಲ್ಲ ಸುಧಾರಿಸಿತು ನೋಡಿ. ಮೊದಲು ಜಿಗಿದರೆ ಕ್ರ್ಯಾಂಕ್ ಮುರಿಯುತ್ತಿತ್ತು, ಆಕ್ಸಲ್ ಬಾಗುತ್ತಿತ್ತು. ಹಲ್ಲು ಕೊರೆದ ಗಟ್ಟಿ ಆಕ್ಸಲ್ ಬಂದ ಮೇಲೆ ಆ ಕಾಟ ಕಡಿಮೆಯಾಯಿತು. ಟೈರ್ ದಪ್ಪ ಆಯಿತು, ಡಿಸ್ಕ್ ಬ್ರೇಕ್ ಬಂತು. ಹಿಡಿ ಮಾತ್ರ ಇವತ್ತಿಗೂ ಹೆಚ್ಚಿನ ಸೈಕಲ್ಲುಗಳಲ್ಲಿ ಸೀಟನ್ನೇ ತಬ್ಬಿಕೊಂಡಿದೆ.

ಇನ್ನು ಬೆಸುಗೆಯವರಿಗೆ ನಾಲ್ಕು ಮಾತು. ಪೈಪು 4130 ಕ್ರೋಮೊಲಿ ಸ್ಟೀಲ್ ಇರಲಿ. ಅಲ್ಯೂಮಿನಿಯಂ ಬೆಸೆದ ಜಾಗದಲ್ಲಿ ಮೆತ್ತಗಾಗುತ್ತದೆ, ಮತ್ತೆ ಕಾಯಿಸಿ ಹದ ಮಾಡಬೇಕು, ಸಣ್ಣ ಶೆಡ್ಡಿನಲ್ಲಿ ಆಗುವ ಕೆಲಸವಲ್ಲ. ಹ್ಯಾಂಡಲ್ ಪೈಪಿನ ತುದಿಯನ್ನು ಅರದಿಂದ ಉಜ್ಜಿ ಕತ್ತಿನ ದುಂಡಿಗೆ ಕೂರುವ ಹಾಗೆ ಮಾಡಿ. ಕೂರಿಸಿ, ಹಿಂದೆ ದೀಪ ಹಿಡಿದು ನೋಡಿ. ಬೆಳಕು ಕಂಡರೆ ಇನ್ನೂ ಉಜ್ಜಿ. ಸಂದನ್ನು ಬೆಸುಗೆಯಿಂದ ತುಂಬಿಸಲು ಹೋಗಬೇಡಿ, ಸೀಳುವುದು ಅಲ್ಲಿಂದಲೇ. ಒಂದೇ ಕಡೆ ಕಾಯಿಸಿದರೆ ಕತ್ತು ಸೊಟ್ಟಗಾಗುತ್ತದೆ, ಆ ಕಡೆ ಸ್ವಲ್ಪ ಈ ಕಡೆ ಸ್ವಲ್ಪ ಹಾಕಿ. ಆಮೇಲೆ ಕತ್ತಿನ ಒಳಗೆ ರೀಮರ್ (ತೂತನ್ನು ಒಳಗಿನಿಂದ ಸವರುವ ಉಪಕರಣ) ಹಾಯಿಸಿ, ಇಲ್ಲದಿದ್ದರೆ ಸೀಟ್ ಪೈಪ್ ಇಳಿಯುವುದಿಲ್ಲ. ಕೆಳಗೆ ಎರಡು ಬೇರಿಂಗ್ ಮನೆಗಳ ನಡುವೆ ನೇರವಾದ ಸರಳು ತೂರಿಸಿಟ್ಟುಕೊಂಡೇ ಕೆಲಸ ಮಾಡಿ. ಅವು ಒಂದಕ್ಕೊಂದು ನೇರ ಇಲ್ಲದಿದ್ದರೆ ಬೇರಿಂಗ್ ಬೇಗ ಹೋಗುತ್ತದೆ. ಟೈರಿಗೂ ಫ್ರೇಮಿಗೂ ನಡುವೆ ಕಿರುಬೆರಳು ಆಡುವಷ್ಟು ಜಾಗ ಬಿಡಿ, ಕೆಸರಿಗೆ.

ಕೈ ಹಿಡಿಯುವ ಅಡ್ಡ ಪೈಪ್ 22.2 ಮಿಲಿಮೀಟರ್ ಇರಲಿ. ಮಾಮೂಲಿ ಸೈಕಲ್ ಗ್ರಿಪ್, ಬ್ರೇಕ್ ಲಿವರ್ ಎರಡೂ ಅದಕ್ಕೆ ಕೂರುತ್ತವೆ. ಬ್ರೇಕ್ ಇಲ್ಲಿಗೇ ಬರಬೇಕು. ಇಳಿಜಾರಿನಲ್ಲಿ ಒಂದು ಬೆರಳಿನಿಂದ ಲಿವರನ್ನು ಮೆತ್ತಗೆ ಹಿಡಿದುಕೊಂಡೇ ಇಳಿಯುತ್ತಾರೆ, ಇಲ್ಲದಿದ್ದರೆ ಗಾಲಿಯನ್ನು ತಡೆಯುವ ಕೆಲಸವೆಲ್ಲ ಮಂಡಿಗೆ ಬೀಳುತ್ತದೆ. ಲಿವರ್ ಕೂತ ಹ್ಯಾಂಡಲ್ ಅಲ್ಲಾಡಿದರೆ ಆ ಬೆರಳು ಬ್ರೇಕನ್ನು ಹದವಾಗಿ ಹಿಡಿಯಲು ಆಗುವುದೇ ಇಲ್ಲ. ಅದಕ್ಕೂ ಅದೇ ಉತ್ತರ: ಫ್ರೇಮಿಗೇ ಬೆಸೆಯಿರಿ. ಪೈಪಿನ ಎರಡೂ ತುದಿಗೆ ಬಿರಡೆ ಹಾಕುವುದನ್ನು ಮರೆಯಬೇಡಿ. ಬಿದ್ದಾಗ ತೆರೆದ ಪೈಪು ಹೊಟ್ಟೆಗೋ ತೊಡೆಗೋ ಕುಯ್ಯುತ್ತದೆ.

ಸಮಯ ಆಯಿತು ಅಂತ ಕೈ ತೋರಿಸುತ್ತಿದ್ದಾರೆ. ತುಳಿಯುವವರು ನಾಳೆಯೇ ಮಾಡಬಹುದಾದ್ದು ಒಂದಿದೆ. ಬೆಸುಗೆಯವರ ಹತ್ತಿರ ಹೋಗುವ ಮೊದಲು ಒಂದು ತುಂಡು ಪೈಪು, ಒಂದು ಹಳೇ ಟ್ಯೂಬು ಹುಡುಕಿ. ನಿಮ್ಮ ಸೈಕಲ್ಲಿನ ಕತ್ತಿಗೆ ಕಟ್ಟಿ, ನಿಮ್ಮ ದಾರಿಯಲ್ಲೇ ಒಂದು ವಾರ ತುಳಿಯಿರಿ. ದಿನಾ ಒಂದು ಬೆರಳಷ್ಟು ಸರಿಸಿ ನೋಡಿ. ಸರಿಯಾದ ಜಾಗ ಸಿಕ್ಕಿದಾಗ ಕೈಗೇ ಗೊತ್ತಾಗುತ್ತದೆ. ಬಿಚ್ಚುವ ಮೊದಲು ಸೀಮೆಸುಣ್ಣದಲ್ಲಿ ಎರಡು ಗುರುತು ಹಾಕಿಕೊಳ್ಳಿ, ಒಂದು ಫ್ರೇಮಿನ ಮೇಲೆ, ಒಂದು ಪೈಪಿನ ಮೇಲೆ. ಅದನ್ನು ಹಾಗೇ ತಂದುಕೊಡಿ.

ನಮಸ್ಕಾರ.