ಮಟಿಲ್ಡದ ಮೇಲೊಂದು ದಾಮೋದರ

ಕೇಳುಗರಿಗೆ ನಮಸ್ಕಾರ.

ಮಂಗಳ ಮತ್ತು ಗುರು ಗ್ರಹಗಳ ನಡುವೆ ಲಕ್ಷಾಂತರ ಕ್ಷುದ್ರಗ್ರಹಗಳು ಸೂರ್ಯನನ್ನು ಸುತ್ತುತ್ತಿವೆ. ಅವುಗಳಲ್ಲಿ ಒಂದರ ಹೆಸರು ಮಟಿಲ್ಡ. 1885ರಲ್ಲಿ ವಿಯೆನ್ನಾದಲ್ಲಿ ಯೋಹಾನ್ ಪಲೀಸಾ ಇದನ್ನು ಕಂಡುಹಿಡಿದರು. ಅಗಲ ಸುಮಾರು 50 ಕಿಲೋಮೀಟರ್. ಬಣ್ಣ ಕಡುಕಪ್ಪು. ಮೈಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಸುಮಾರು ನಾಲ್ಕು ಪಾಲು ಮಾತ್ರ ವಾಪಸ್ ಬರುತ್ತದೆ. ಗ್ರಹಗಳು ಹುಟ್ಟಿದ ಕಾಲದ ಇಂಗಾಲದ ಸಾಮಗ್ರಿ ಇದು. ಅಷ್ಟೇನೂ ಬದಲಾಗದೆ ಹಾಗೇ ಉಳಿದಿದೆ.

1997ರ ಜೂನ್ 27ರಂದು ನಾಸಾದ ನಿಯರ್ ನೌಕೆ ಇದರ ಪಕ್ಕ ಹಾದುಹೋಯಿತು. ಪಕ್ಕ ಅಂದರೆ 1,212 ಕಿಲೋಮೀಟರ್ ದೂರ. ಬಾಹ್ಯಾಕಾಶದಲ್ಲಿ ಅದು ಪಕ್ಕವೇ! ಅಲ್ಲಿ ಬಿಸಿಲು ಕಡಿಮೆ, ಹಾಗಾಗಿ ವಿದ್ಯುತ್ತೂ ಕಡಿಮೆ. ಕ್ಯಾಮೆರಾ ಒಂದನ್ನೇ ಚಾಲೂ ಮಾಡಿದರು. ಅದು ಕಳಿಸಿದ ಚಿತ್ರಗಳಲ್ಲಿ ಕಂಡದ್ದು ಬರೀ ಗುಂಡಿಗಳು. ಒಂದೊಂದೂ ಭಾರಿ ದೊಡ್ಡದು. ಕರೂ ಎಂಬ ಗುಂಡಿಯ ಅಗಲವೇ 33 ಕಿಲೋಮೀಟರ್. ಅಷ್ಟು ಜೋರಾಗಿ ಏಟು ಬಿದ್ದರೆ ಇಡೀ ಬಂಡೆಯೇ ಪುಡಿಯಾಗಬೇಕಿತ್ತು, ಅಲ್ವಾ?

ಉತ್ತರ ಸಿಕ್ಕಿದ್ದು ರೇಡಿಯೋದಿಂದ. ಇದನ್ನು ರೇಡಿಯೋದಲ್ಲೇ ಹೇಳುವಾಗ ನನಗೆ ಸ್ವಲ್ಪ ಜಾಸ್ತಿನೇ ಖುಷಿ. ಮಟಿಲ್ಡದ ಸೆಳೆತಕ್ಕೆ ನೌಕೆಯ ವೇಗ ಚೂರೇ ಚೂರು ಬದಲಾಯಿತು. ಅದು ಕಳಿಸುತ್ತಿದ್ದ ರೇಡಿಯೋ ಅಲೆಯ ಕಂಪನವೂ ಅಷ್ಟೇ ಬದಲಾಯಿತು. ಆ ವ್ಯತ್ಯಾಸದಿಂದ ಮಟಿಲ್ಡದ ತೂಕ ಲೆಕ್ಕ ಹಾಕಿದರು. ನೋಡಿದರೆ, ಅದರ ಸಾಂದ್ರತೆ ನೀರಿನ ಒಂದೂಕಾಲು ಪಟ್ಟಿಗಿಂತ ತುಸು ಹೆಚ್ಚು, ಅಷ್ಟೇ. ಇದೇ ಬಗೆಯ ಉಲ್ಕಾಶಿಲೆಗಳ ಸಾಂದ್ರತೆಯ ಹೆಚ್ಚುಕಡಿಮೆ ಅರ್ಧ. ಅಂದರೆ ಒಳಗೆ ಅರ್ಧದಷ್ಟು ಜಾಗ ಖಾಲಿ! ಮಂಡಕ್ಕಿ ಚೀಲಕ್ಕೆ ಗುದ್ದಿದರೆ ಗುದ್ದಿದ ಕಡೆ ಮಾತ್ರ ತಗ್ಗಾಗುತ್ತದಲ್ಲ, ಇಲ್ಲೂ ಹಾಗೇ ಆಗಿರಬೇಕು. ಏಟಿನ ರಭಸ ಅಲ್ಲಲ್ಲೇ ಅಡಗಿಹೋಯಿತು, ಪಕ್ಕದ ಗುಂಡಿಗೆ ಧಕ್ಕೆಯಾಗಲಿಲ್ಲ.

ಇಷ್ಟು ಕಪ್ಪು ಮೈಯ ಗುಂಡಿಗಳಿಗೆ ಎಂಥ ಹೆಸರಿಡುವುದು? ಭೂಮಿಯ ಕಲ್ಲಿದ್ದಲು ಸೀಮೆಗಳ ಹೆಸರುಗಳನ್ನೇ ಇಟ್ಟರು. ಕರೂ ದಕ್ಷಿಣ ಆಫ್ರಿಕಾದ್ದು, ಇಶಿಕಾರಿ ಜಪಾನಿನದು. ನಮ್ಮದೂ ಒಂದಿದೆ: ದಾಮೋದರ. ಝರಿಯಾ, ರಾಣಿಗಂಜ್ ಗಣಿಗಳಿರುವ ಅದೇ ದಾಮೋದರ ಕಣಿವೆ. ಆ ಗುಂಡಿಯ ಅಗಲ ಸುಮಾರು 29 ಕಿಲೋಮೀಟರ್.

ಮಟಿಲ್ಡ ತನ್ನ ಸುತ್ತ ಒಮ್ಮೆ ತಿರುಗಲು 17 ದಿನಕ್ಕಿಂತ ಜಾಸ್ತಿ ಬೇಕು. ನಿಯರ್ ಹೋಗುತ್ತಿದ್ದದ್ದು ಸೆಕೆಂಡಿಗೆ ಸುಮಾರು 10 ಕಿಲೋಮೀಟರ್ ವೇಗದಲ್ಲಿ. ಮಟಿಲ್ಡ ಪೂರ್ತಿ ತಿರುಗುವ ತನಕ ನೌಕೆ ಕಾಯುವ ಹಾಗಿರಲಿಲ್ಲ. ಸಿಕ್ಕಿದ ಒಂದು ಮಗ್ಗುಲಿನ ಚಿತ್ರ ತೆಗೆದುಕೊಂಡು ಈರೋಸ್ ಎಂಬ ಇನ್ನೊಂದು ಕ್ಷುದ್ರಗ್ರಹದ ದಾರಿ ಹಿಡಿಯಿತು. 2001ರ ಫೆಬ್ರವರಿಯಲ್ಲಿ ಅಲ್ಲೇ ಇಳಿಯಿತು. ಮಟಿಲ್ಡದ ಇನ್ನೊಂದು ಮಗ್ಗುಲನ್ನು ನೋಡಲು ಆಮೇಲೆ ಯಾವ ನೌಕೆಯೂ ಹೋಗಿಲ್ಲ.

ನಮಸ್ಕಾರ.