ಪೆಟ್ಟಿಗೆಯಲ್ಲಿ ಎರಡು ಮುಡಿಪು

ಕೇಳುಗರಿಗೆಲ್ಲ ನಮಸ್ಕಾರ.

ನಮ್ಮ ಮನೆಯ ದೇವರ ಕೋಣೆಯಲ್ಲಿ ಹಲಸಿನ ಮರದ ಒಂದು ಪೆಟ್ಟಿಗೆ ಇದೆ. ಅಜ್ಜಿಯ ಕಾಲದ್ದು. ಬೀಗ ಯಾವತ್ತೋ ಕೆಟ್ಟಿದೆ. ಮುಚ್ಚಳ ಎತ್ತಿದರೆ ಕರ್ಪೂರ, ಹಳೆಯ ಪಂಚಾಂಗ, ಗಂಧದ ಕೊರಡು ಎಲ್ಲ ಬೆರೆತ ಒಂದು ವಾಸನೆ. 2023ರಲ್ಲಿ ಒಂದು ಬೆಳಗ್ಗೆ ಅಮ್ಮ ಅದರೊಳಗೆ ಕೈಹಾಕಿ ಹಳದಿ ಬಟ್ಟೆಯ ಪುಟ್ಟ ಗಂಟೊಂದನ್ನು ತೆಗೆದಳು. ಹುಡುಕುತ್ತಿದ್ದದ್ದು ಅದನ್ನೇ. ಆದರೆ ಅದರ ಅಡಿಯಿಂದ ಇನ್ನೊಂದು ಗಂಟು ಕೈಗೆ ಬಂತು. ಅದು ಇದೆ ಎಂಬುದೇ ಯಾರಿಗೂ ಗೊತ್ತಿರಲಿಲ್ಲ.

ಮುಡಿಪು ಎಂದರೆ ಏನೆಂದು ಕಾಸರಗೋಡು ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಘಟ್ಟದ ಮೇಲಿನವರು ಕೇಳುತ್ತಿದ್ದರೆ ಅವರಿಗಾಗಿ ಒಂದು ಮಾತು. ಮನೆಯಲ್ಲಿ ಕಷ್ಟ ಬಂದಾಗ ಕಾಲು ಮುಖ ತೊಳೆದು ಬಂದು, ದೇವರ ಹೆಸರು ಹೇಳಿ, ಒಂದು ನಾಣ್ಯವನ್ನು ಬಟ್ಟೆಯಲ್ಲಿ ಕಟ್ಟಿ ಇಡುತ್ತೇವೆ. ಕಷ್ಟ ಕಳೆದ ಮೇಲೆ ಕೊಂಡುಹೋಗಿ ಒಪ್ಪಿಸುತ್ತೇವೆ. ನಾವು ಹರಕೆ ಅನ್ನುವುದನ್ನು ತುಳುವಿನಲ್ಲಿ ಪರಕೆ ಅನ್ನುತ್ತಾರೆ. ಪಕ್ಕದ ಬ್ಯಾರಿ ಮನೆಯಲ್ಲಿ, ಮಲಯಾಳದವರ ಮನೆಯಲ್ಲಿ ಅದು ನೇರ್ಚೆ. ಬೇಳದ ಶೋಕಮಾತೆಯ ಇಗರ್ಜಿಯಲ್ಲಿ ಮೊಂಬತ್ತಿ ಹಚ್ಚುವವರದ್ದೂ ಇದೇ ಲೆಕ್ಕ. 1890ರಲ್ಲಿ ಕಟ್ಟಿದ ಇಗರ್ಜಿ ಅದು. ಮಗನನ್ನು ಕಳೆದುಕೊಂಡು ಅತ್ತ ತಾಯಿಯ ಹೆಸರಿನ ಇಗರ್ಜಿಗೆ ಜನ ಮಕ್ಕಳು ಗುಣವಾದರೆಂದು ಬರುತ್ತಾರೆ. ಇದನ್ನು ನಾನು ಹಲವು ಸಲ ಯೋಚಿಸಿದ್ದೇನೆ.

ಮೊದಲನೆಯ ಗಂಟಿನ ಕತೆ ಹೇಳುತ್ತೇನೆ.

2020ರ ಮಾರ್ಚ್ ತಿಂಗಳು. ಅಪ್ಪನಿಗೆ ಆಗ ಎಪ್ಪತ್ತೊಂದು. ಎರಡೂ ಮೂತ್ರಪಿಂಡ ಸೋತು ವಾರಕ್ಕೆ ಎರಡು ಸಲ ಡಯಾಲಿಸಿಸ್ ನಡೆಯುತ್ತಿತ್ತು. ನಮ್ಮ ಸೀಮೆಯ ಕಾಗದಪತ್ರವೆಲ್ಲ 1956ರಿಂದ ತಿರುವನಂತಪುರದ ಕಡೆಗೆ ಹೋಗುತ್ತದೆ, ಕಾಯಿಲೆ ಮಾತ್ರ ಮಂಗಳೂರಿಗೆ ಹೋಗುತ್ತದೆ. ಕಾಸರಗೋಡಿನಿಂದ ಐವತ್ತು ಕಿಲೋಮೀಟರ್ ಅಷ್ಟೆ, ನಡುವೆ ತಲಪಾಡಿ. ಅಲ್ಲೊಂದು ಗಡಿ ಇದೆ ಎಂಬುದು ನಮಗೆ ಬಸ್ಸಿನ ಟಿಕೆಟಿನಲ್ಲಿ ಬಿಟ್ಟರೆ ಬೇರೆಲ್ಲೂ ಕಾಣುತ್ತಿರಲಿಲ್ಲ. ಆ ಮಾರ್ಚಿನ ಕೊನೆಗೆ ಕಂಡಿತು. ಲಾಕ್‌ಡೌನ್ ಬಂತು, ಗಡಿ ಮುಚ್ಚಿತು, ಒಳದಾರಿಗಳಿಗೂ ಮಣ್ಣು ಬಿತ್ತು. ಎರಡೂ ಕಡೆಯವರಿಗೆ ಅವರವರ ಭಯ. ಯಾರನ್ನು ದೂರಲಿಕ್ಕೂ ನಾನು ಇಲ್ಲಿ ಕೂತಿಲ್ಲ. ಆದರೆ ಡಯಾಲಿಸಿಸಿಗೆ ಇದೆಲ್ಲ ಅರ್ಥವಾಗುವುದಿಲ್ಲ. ಒಂದು ಸರದಿ ತಪ್ಪಿದರೆ ಕಾಲು ಊದಿಕೊಳ್ಳುತ್ತದೆ, ಮಲಗಿದರೆ ಉಸಿರು ಕಟ್ಟುತ್ತದೆ. ತೋಟದ ತುಂಬ ಎಳನೀರು ತೂಗುತ್ತಿದ್ದರೂ ಅಪ್ಪ ಅದನ್ನು ಕುಡಿಯುವ ಹಾಗಿರಲಿಲ್ಲ. ಅದರ ಪೊಟ್ಯಾಸಿಯಂ ಅವರಿಗೆ ವಿಷ. ದಿನದ ನೀರನ್ನು ಅಮ್ಮ ಲೋಟದಲ್ಲಿ ಅಳೆದು ಕೊಡುತ್ತಿದ್ದಳು.

ಈ ನೀರಿನ ವಿಷಯಕ್ಕೆ ಸ್ವಲ್ಪ ಹಿಂದೆ ಹೋಗಬೇಕು. ಯಾಕೆಂದರೆ ಆ ನೀರನ್ನು ಮನೆಗೆ ತಂದದ್ದು ಅಪ್ಪನೇ.

ನಮ್ಮಲ್ಲಿ ವರ್ಷಕ್ಕೆ 3,500 ಮಿಲಿಮೀಟರಿನ ಆಸುಪಾಸು ಮಳೆ ಬೀಳುತ್ತದೆ. ಆದರೂ ಗುಡ್ಡದ ಮನೆಗಳಲ್ಲಿ ಮಾರ್ಚಿಗೆ ಕೊಡಪಾನ ಖಾಲಿ. ಮುರಕಲ್ಲಿನ, ಎಂದರೆ ಜಂಬಿಟ್ಟಿಗೆಯ ಗುಡ್ಡ ನೀರನ್ನು ಮೇಲೆ ಇಟ್ಟುಕೊಳ್ಳುವುದಿಲ್ಲ, ಒಳಗೆ ಎಳೆದುಕೊಳ್ಳುತ್ತದೆ. ಅದಕ್ಕೇ ನಮ್ಮ ಹಿರಿಯರು ಕೆಳಗೆ ಅಗೆಯುವ ಬದಲು ಗುಡ್ಡದ ಹೊಟ್ಟೆಗೆ ಅಡ್ಡಕ್ಕೆ ಅಗೆದು ಸುರಂಗ ಕೊರೆದರು. ಒಬ್ಬ ಮನುಷ್ಯ ಬಗ್ಗಿ ನಡೆಯುವಷ್ಟು ಎತ್ತರ, ಭುಜ ಹಿಡಿಸುವಷ್ಟು ಅಗಲ. ಒಳಗೆ ಸಿಕ್ಕಿದ ಒರತೆ ತಾನಾಗಿ ಹೊರಗೆ ಹರಿದು ಬರುತ್ತದೆ, ಅಡಕೆ ಮರ ಸೀಳಿ ತೋಡಿದ ದಂಬೆಯಲ್ಲಿ ಹರಿದು ಅಂಗಳಕ್ಕೆ ಬೀಳುತ್ತದೆ. ಪಂಪು ಬೇಡ, ಕರೆಂಟು ಬೇಡ. ಬೇಕಾದದ್ದು ಪಿಕ್ಕಾಸು, ಬುಟ್ಟಿ, ಒಂದು ದೀಪ. ದೀಪ ಬೆಳಕಿಗೆ ಮಾತ್ರ ಅಲ್ಲ. ಒಳಗೆ ಹೋದ ಹಾಗೆ ಗಾಳಿ ಕಡಿಮೆಯಾಗುತ್ತದೆ. ಮೊದಲು ದೀಪ ಸಣ್ಣದಾಗುತ್ತದೆ, ಆಮೇಲೆ ಮನುಷ್ಯನಿಗೆ ಗೊತ್ತಾಗುತ್ತದೆ. ದೀಪ ನಂದಿತೆಂದರೆ ಆ ದಿನದ ಕೆಲಸ ಮುಗಿಯಿತು, ತಿರುಗಿ ಬರಬೇಕು. ನಾಳೆ ಮತ್ತೆ ಹೋಗಬೇಕು.

ಅಗೆಯುವವನಿಗೆ ಮುಂದೆ ನೀರಿದೆಯೋ ಇಲ್ಲವೋ ಗೊತ್ತಿರುವುದಿಲ್ಲ. ಮಣ್ಣಿನ ತೇವ, ಬಣ್ಣ ನೋಡಿ ಒಂದು ಅಂದಾಜು, ಅಷ್ಟೆ. ಅಡ್ಯನಡ್ಕದ ಹತ್ತಿರದ ಅಮೈ ಮಹಾಲಿಂಗ ನಾಯ್ಕರ ಹೆಸರನ್ನು ನೀವೆಲ್ಲ ಕೇಳಿರುತ್ತೀರಿ. ಹಗಲು ಕೂಲಿ ಮಾಡಿ, ಹೊತ್ತು ಮುಳುಗಿದ ಮೇಲೆ ದೀಪ ಹಿಡಿದು ಒಬ್ಬರೇ ಸುರಂಗ ಕೊರೆದವರು. ಮೊದಮೊದಲು ಕೊರೆದ ಸುರಂಗಗಳಲ್ಲಿ ನೀರು ಸಿಗಲೇ ಇಲ್ಲ. ಬಿಡದೆ ಮತ್ತೆ ಕೊರೆದರು. 2022ರಲ್ಲಿ ಪದ್ಮಶ್ರೀ ಬಂತು. ನನಗೆ ಪದ್ಮಶ್ರೀಗಿಂತ ಆ ನೀರಿಲ್ಲದ ಸುರಂಗಗಳ ಮೇಲೆಯೇ ಕಣ್ಣು. ಅಲ್ಲಿಂದ ಹೊರಗೆ ಬಂದು ಮುಖ ತೊಳೆಯಲು ನೀರಿಲ್ಲದೆ ಕೂತ ಮನುಷ್ಯ ಅಂದು ರಾತ್ರಿ ಏನು ಯೋಚಿಸಿರಬಹುದು?

ಅಪ್ಪ ಕೊರೆದದ್ದು ಒಂದೇ ಸುರಂಗ. ನಲವತ್ತು ಕೋಲು, ಎಂದರೆ ಸುಮಾರು ನೂರು ಅಡಿ ಹೋಗಲು ಎರಡು ಬೇಸಗೆ ಹಿಡಿಯಿತು.

ಈಗ ಮತ್ತೆ 2020ಕ್ಕೆ ಬರೋಣ. ಸರದಿ ತಪ್ಪಿದ ಎರಡನೆಯ ರಾತ್ರಿ ಅಪ್ಪ ಗೋಡೆಗೆ ಒರಗಿ ಕೂತಿದ್ದರು, ಮಲಗಲು ಆಗುತ್ತಿರಲಿಲ್ಲ. ಅಮ್ಮ ದೇವರ ಕೋಣೆಗೆ ಹೋಗಿ ಒಂದು ರೂಪಾಯಿಯ ನಾಣ್ಯವನ್ನು ಹಳದಿ ಬಟ್ಟೆಯಲ್ಲಿ ಕಟ್ಟಿ ಬಂದಳು. ಮಧೂರು ಗಣಪತಿಗೆ ಅಪ್ಪದ ಸೇವೆ, ಅಪ್ಪ ಎಂಬ ಸಿಹಿತಿಂಡಿಯ ನೈವೇದ್ಯ. ನಾನು ಫೋನಿನಲ್ಲಿ ಇದ್ದಬದ್ದವರನ್ನೆಲ್ಲ ಕಾಡುತ್ತಿದ್ದೆ. ಅಪ್ಪ ನನ್ನನ್ನು ನೋಡಿ ನಮ್ಮ ಹವ್ಯಕ ಮಾತಿನಲ್ಲಿ ಹೇಳಿದರು, "ದೀಪ ನಂದದ್ದೆ ಇಪ್ಪಗ ಹೆದರೆಡ." ದೀಪ ನಂದದೆ ಇರುವಾಗ ಹೆದರಬೇಡ ಎಂದು. ಉಸಿರು ಎಳೆದು ಎಳೆದು ಹೇಳಿದ್ದರಿಂದ ಈ ಇಷ್ಟು ಮಾತಿಗೆ ಬಹಳ ಹೊತ್ತು ಹಿಡಿಯಿತು.

ಬೆಳಗಾಗುವ ಮುಂಚೆ ಪಕ್ಕದ ಮನೆಯ ಜೀಪಿನವರು ಬಂದರು. ತೆಂಕು ದಿಕ್ಕಿಗೆ ಎರಡು ಗಂಟೆಯ ದಾರಿಯ ಒಂದು ಆಸ್ಪತ್ರೆಯಲ್ಲಿ ಜಾಗ ಇದೆ ಎಂದು ಯಾರಿಂದಲೋ ತಿಳಿದುಕೊಂಡಿದ್ದರು. ದಾರಿಯುದ್ದಕ್ಕೂ ಪೊಲೀಸರಿಗೆ ಅಪ್ಪನ ಊದಿದ ಕಾಲು ತೋರಿಸುತ್ತಾ ಹೋದೆವು. ಬಾಡಿಗೆ ಕೇಳಿದರೆ ಡೀಸೆಲಿನದ್ದು ಮಾತ್ರ ತೆಗೆದುಕೊಂಡರು. ಆ ದಿನ ಅವರೂ ತಳಂಗರೆಯ ಮಾಲಿಕ್ ದೀನಾರ್ ಮಸೀದಿಗೆ ನೇರ್ಚೆ ಹೇಳಿಕೊಂಡಿದ್ದರೆಂದು ನಮಗೆ ತಿಳಿದದ್ದು ಎಷ್ಟೋ ತಿಂಗಳ ಮೇಲೆ, ಅದೂ ಅವರ ಹೆಂಡತಿಯ ಬಾಯಿಯಿಂದ.

ಅಪ್ಪ ಉಳಿದರು. ಏಪ್ರಿಲಿನಲ್ಲಿ ತುರ್ತು ರೋಗಿಗಳಿಗೆ ಗಡಿ ದಾಟುವ ಏರ್ಪಾಡೂ ಆಯಿತು.

ಇಲ್ಲಿಗೆ ನಿಲ್ಲಿಸಿದ್ದರೆ ಕೇಳಲಿಕ್ಕೆ ಚಂದದ ಕತೆ. ನಂಬಿದೆವು, ದೇವರು ಕೈಬಿಡಲಿಲ್ಲ ಎಂದು ಮುಗಿಸಬಹುದಿತ್ತು. ಆದರೆ ಅದೇ ದಿನಗಳಲ್ಲಿ ಗಡಿ ದಾಟಲಾಗದೆ ದಾರಿಯಲ್ಲೇ ಜೀವ ಬಿಟ್ಟವರು ನಮ್ಮ ಜಿಲ್ಲೆಯಲ್ಲಿದ್ದಾರೆ. ಪೇಪರಿನಲ್ಲಿ ಒಬ್ಬೊಬ್ಬರ ಸುದ್ದಿ ಬರುತ್ತಿತ್ತು. ಅವರ ಮನೆಯಲ್ಲಿ ಯಾರೂ ಮುಡಿಪು ಕಟ್ಟಿರಲಿಲ್ಲವೇ? ನಮ್ಮ ಅಮ್ಮನಿಗಿಂತ ಗಟ್ಟಿಯಾಗಿ ನಂಬಿದವರು ಅಲ್ಲಿರಲಿಲ್ಲವೇ? ನಮ್ಮ ಭಕ್ತಿ ಹೆಚ್ಚಿನದು, ಹಾಗಾಗಿ ನಮಗೆ ಸಿಕ್ಕಿತು ಎಂದು ಹೇಳಿದರೆ ಆ ಮನೆಗಳ ಅಂಗಳದಲ್ಲಿ ನಿಂತು ಹೇಳಿದ ಹಾಗಾಗುತ್ತದೆ. ನನಗೆ ಆ ಮಾತು ಬರುವುದಿಲ್ಲ. ಬರುವುದು ಬೇಡ.

ತಾಳಮದ್ದಳೆ ಕೇಳುತ್ತಾ ಬೆಳೆದವರು ನಾವು. ದೇವರು ಯಾಕೆ ತಡಮಾಡಿದ ಎಂದು ಅರ್ಥಧಾರಿಗಳು ರಾತ್ರಿಯಿಡೀ ವಾದ ಮಾಡುವುದನ್ನು ಕೇಳಿದ್ದೇವೆ. ನನ್ನ ಮನಸ್ಸಿನಲ್ಲಿ ಉಳಿದಿರುವುದು ಭಾಗವತದ ಕುಂತಿ. ಯುದ್ಧ ಮುಗಿದಿದೆ, ಮಕ್ಕಳು ಗೆದ್ದಿದ್ದಾರೆ, ಕೃಷ್ಣ ದ್ವಾರಕೆಗೆ ಹೊರಟು ನಿಂತಿದ್ದಾನೆ. ಆಗ ಅವಳು ಉಪಕಾರ ನೆನೆಯುತ್ತಾಳೆ. ವಿಷವಿಕ್ಕಿದ್ದು, ಅರಗಿನ ಮನೆ, ವನವಾಸ, ಒಂದೊಂದನ್ನೂ ಎಣಿಸುತ್ತಾಳೆ. ಎಣಿಸಿ, ಆ ಕಷ್ಟಗಳು ಮತ್ತೆ ಮತ್ತೆ ಬರಲಿ, ಬಂದಾಗೆಲ್ಲ ನೀನು ಕಾಣಿಸುತ್ತೀಯಲ್ಲ ಎನ್ನುತ್ತಾಳೆ. ಅಷ್ಟು ದೊಡ್ಡ ಮಾತಿಗೆ ನನಗೆ ಧೈರ್ಯವಿಲ್ಲ. ಆ ಮಾರ್ಚ್ ಮತ್ತೆ ಬರಲಿ ಎಂದು ನಾನಂತೂ ಹೇಳಲಾರೆ. ಆದರೆ ಆಕೆ ಎಣಿಸಿದಳಲ್ಲ, ಅದು ಕಲಿಯಬೇಕಾದ್ದು. ನಾವು ಕಷ್ಟ ಕಳೆದ ಮರುದಿನವೇ ಮರೆಯುತ್ತೇವೆ.

ಮರೆತೆವು ಕೂಡ. ಮೊದಲು ದೇವಸ್ಥಾನಗಳೇ ಮುಚ್ಚಿದ್ದವು, ಅದು ನಿಜವಾದ ಕಾರಣ. ತೆರೆದಾಗ ಮಳೆಗಾಲ. ಮಧುವಾಹಿನಿ ತುಂಬಿದರೆ ಮಧೂರಿನ ಅಂಗಳಕ್ಕೇ ನೀರು ಬರುತ್ತದೆ, ಮಳೆ ಬಿಡಲಿ ಎಂದೆವು. ಮಳೆ ಬಿಟ್ಟರೆ ಅಡಕೆ ಕೊಯ್ಲು. ಮರುವರ್ಷ ಮಹಾಳಿ ರೋಗಕ್ಕೆ ಮದ್ದು ಬಿಡುವ ಗಡಿಬಿಡಿ. ಮೈಲುತುತ್ತು, ಸುಣ್ಣ, ಮರ ಹತ್ತುವ ಆಳು, ಮೂರೂ ಒಂದೇ ದಿನ ಒದಗುವುದೆಂದರೆ ಅದೂ ಒಂದು ಹರಕೆಯ ವಿಷಯವೇ. ಆಮೇಲೆ ಮಗಳ ಪರೀಕ್ಷೆ. ಅಂಗಡಿಯ ಸಾಲ ಬಾಕಿ ಇಟ್ಟರೆ ಅಂಗಡಿಯವನು ದಾರಿಯಲ್ಲಿ ಸಿಕ್ಕಿದಾಗ ಕೇಳುತ್ತಾನೆ. ದೇವರು ಕೇಳುವುದಿಲ್ಲ. ಹಾಗಾಗಿ ನಮ್ಮ ಪಟ್ಟಿಯಲ್ಲಿ ಅವನ ಹೆಸರು ಕೊನೆಗೆ.

2022ರ ಆಟಿ ತಿಂಗಳಲ್ಲಿ ಅಪ್ಪ ತೀರಿಕೊಂಡರು. ಹರಕೆ ಪೆಟ್ಟಿಗೆಯಲ್ಲೇ ಉಳಿದಿತ್ತು.

ವರ್ಷಾಂತ ಕಳೆದ ಮೇಲೆ ಅಮ್ಮ ಮಧೂರಿಗೆ ಹೊರಡುವ ಮಾತು ತೆಗೆದಳು. ನನಗೆ ಒಳಗೊಳಗೇ ಸಿಟ್ಟು. ಯಾರ ಜೀವಕ್ಕಾಗಿ ಹೇಳಿಕೊಂಡದ್ದೋ ಅವರೇ ಇಲ್ಲ, ಇನ್ನು ಎಂಥ ಸೇವೆ ಎಂದು ಕೇಳಿಯೇಬಿಟ್ಟೆ. ಅಮ್ಮ ಅಕ್ಕಿ ಆರಿಸುತ್ತಿದ್ದಳು, ತಲೆ ಎತ್ತಲಿಲ್ಲ. "ಕೇಳಿದ್ದು ಆ ಒಂದು ವಾರವ. ಸಿಕ್ಕಿದ್ದು ಎರಡು ವರ್ಷ. ಬಾಕಿ ನಮ್ಮದೇ ಅಲ್ಲದಾ?" ಎಂದಳು.

ಆ ಎರಡು ವರ್ಷದಲ್ಲಿ ಏನೇನಿತ್ತು ಎಂದು ನಾನೂ ಕುಂತಿಯ ಹಾಗೆ ಎಣಿಸಲು ಕೂತೆ. ಅಪ್ಪ ಮೊಮ್ಮಗಳಿಗೆ ಪಂಚಾಂಗ ನೋಡಲು ಕಲಿಸಿದ್ದು. ಸುರಂಗದ ಬಾಯಿಯ ತನಕ ಕೋಲೂರಿ ಹೋಗಿ ದಂಬೆ ಸರಿಮಾಡಿಸಿದ್ದು. ಒಂದು ದಿನ ಅಳತೆಯ ಲೋಟ ತಪ್ಪಿಸಿ ಕದ್ದು ಒಂದು ಲೋಟ ಮಜ್ಜಿಗೆ ನೀರು ಕುಡಿದು ಅಮ್ಮನಿಂದ ಬೈಸಿಕೊಂಡದ್ದು. ಎಣಿಕೆ ಮುಗಿಯಲಿಲ್ಲ.

ಹೀಗೆ ಪೆಟ್ಟಿಗೆ ತೆರೆದಾಗ ಸಿಕ್ಕಿದ್ದು ಎರಡನೆಯ ಗಂಟು. ಬಟ್ಟೆಯ ಹಳದಿ ಹೋಗಿ ಮಣ್ಣಿನ ಬಣ್ಣವಾಗಿತ್ತು. ಒಳಗೊಂದು ಪಾವಲಿ, ನಾಲ್ಕಾಣೆ. ಒಂದು ಮೈಯಲ್ಲಿ ಸಿಂಹ, ಇನ್ನೊಂದರಲ್ಲಿ ತೆನೆ, ಇಸವಿ 1954. ನಮ್ಮೂರು ಇನ್ನೂ ಮದ್ರಾಸಿನಲ್ಲಿದ್ದ ಕಾಲದ ನಾಣ್ಯ. ಕಟ್ಟಿದ ವರ್ಷ ಯಾವುದೋ, ಕೈ ಮಾತ್ರ ಅಜ್ಜಿಯದ್ದು. ಗಂಟು ಹಾಕಿದ ರೀತಿ ನೋಡಿಯೇ ಅಮ್ಮ ಹೇಳಿದಳು.

ಚಿಕ್ಕಪ್ಪನಿಗೆ ಫೋನು ಮಾಡಿದೆವು. ಅವರು ಹೆದರಿದರು. ಹಿರಿಯರ ಹರಕೆ ಬಾಕಿ ಉಳಿದಿದೆ, ಜೋಯಿಸರಲ್ಲಿ ಪ್ರಶ್ನೆ ಇಡಿಸಬೇಕು, ತಪ್ಪುಕಾಣಿಕೆ ಕಟ್ಟಬೇಕು ಎಂದರು. ಸ್ವಲ್ಪ ಹೊತ್ತು ಬಿಟ್ಟು ಅವರೇ ಮತ್ತೆ ಫೋನು ಮಾಡಿದರು. "ಅಬ್ಬೆ ಬಾಕಿ ಮಡುಗುವ ಜನ ಅಲ್ಲ" ಎಂದರು. ಅಬ್ಬೆ ಎಂದರೆ ಅವರ ಅಮ್ಮ, ನನ್ನ ಅಜ್ಜಿ. ಕೆಲಸ ಆಗಿದ್ದರೆ ಮರುದಿನವೇ ನಡೆದಾದರೂ ಹೋಗಿ ಕೊಟ್ಟು ಬರುತ್ತಿದ್ದಳು. ಹಾಗಾದರೆ ಇದು ಆಗದೆ ಹೋದ ಕೆಲಸದ್ದು. ಆಮೇಲೆ ಇಬ್ಬರೂ ಮಾತಾಡಲಿಲ್ಲ. ಅಪ್ಪನಿಗೂ ಚಿಕ್ಕಪ್ಪನಿಗೂ ನಡುವೆ ಒಬ್ಬಳು ತಂಗಿ ಇದ್ದಳು. ಮೂರು ವರ್ಷ ಬದುಕಿದ್ದಳಂತೆ. ಅವಳ ವಿಷಯ ನಮ್ಮ ಮನೆಯಲ್ಲಿ ಇಷ್ಟೇ ಗೊತ್ತಿರುವುದು.

ಅಜ್ಜಿ ಆ ಗಂಟನ್ನು ಬಿಚ್ಚಲಿಲ್ಲ. ನಾಲ್ಕಾಣೆ ಆ ಕಾಲಕ್ಕೆ ಸಣ್ಣ ದುಡ್ಡಲ್ಲ, ಸಾಮಾನಿಗೆ ಬೇಕಾದ ದಿನ ಎಷ್ಟೋ ಬಂದಿರಬಹುದು. ಆದರೂ ತೆಗೆಯಲಿಲ್ಲ. ಕೊಡಲೂ ಇಲ್ಲ. ನಾನು ನೋಡಿದ ಅಜ್ಜಿ ದಿನಾ ಸಂಜೆ ಅದೇ ಪೆಟ್ಟಿಗೆಯ ಪಕ್ಕ ಕೂತು ದೀಪ ಹಚ್ಚಿ ಭಜನೆ ಹೇಳುತ್ತಿದ್ದಳು.

"ಇದರ ಎಂತ ಮಾಡುದು?" ಎಂದು ಕೇಳಿದೆ.

"ದೇವರ ಹೆಸರಿಲ್ಲಿ ಮಡುಗಿದ್ದಲ್ಲದಾ? ನಮ್ಮಲ್ಲಿ ಎಂತಕೆ?" ಎಂದಳು ಅಮ್ಮ.

ಯಾವ ದೇವರಿಗೆಂದು ಗೊತ್ತಿಲ್ಲವಲ್ಲ ಎಂದರೆ, "ಗಣಪತಿ ಎತ್ತುಸುಗು" ಎಂದಳು. ತಲುಪಿಸುವ ಕೆಲಸ ಅವನಿಗೇ ಬಿಟ್ಟಳು.

ಮಧೂರಿನಲ್ಲಿ ಮುಖ್ಯ ದೇವರು ಮದನಂತೇಶ್ವರ, ಶಿವ. ಗಣಪತಿ ಗೋಡೆಯಲ್ಲಿ ಮೂಡಿದವನು. ಹುಡುಗನೊಬ್ಬ ಗರ್ಭಗುಡಿಯ ಗೋಡೆಯಲ್ಲಿ ಆಟಕ್ಕೆ ಬರೆದ ಚಿತ್ರ ಬೆಳೆಯುತ್ತಾ ಹೋಯಿತು ಎಂಬ ಐತಿಹ್ಯ. ಹರಕೆಯೆಲ್ಲ ಬರುವುದು ಅವನಿಗೇ. 1992ರಲ್ಲಿ ಮೂಡಪ್ಪ ಸೇವೆ ನಡೆದಾಗ ಅಪ್ಪ ಹೋಗಿದ್ದರು. ಗಣಪತಿಯನ್ನು ಮುಚ್ಚುವಷ್ಟು ಅಪ್ಪದ ರಾಶಿ ಹಾಕಿದ್ದನ್ನು ಬದುಕಿರುವ ತನಕ ಹೇಳುತ್ತಿದ್ದರು. ಮತ್ತೆ ಆ ಸೇವೆ ನಡೆದದ್ದು 2025ರಲ್ಲಿ, ಮೂವತ್ತಮೂರು ವರ್ಷದ ಮೇಲೆ. ನಾವು ಹೋದದ್ದು ಯಾವ ಗದ್ದಲವೂ ಇಲ್ಲದ ಒಂದು ಬುಧವಾರ. ಆನೆಯ ಬೆನ್ನಿನ ಆಕಾರದ ಆ ಮೂರು ಮಾಳಿಗೆಯ ಮಾಡಿನಿಂದ ಮಳೆಯ ನೀರು ತೊಟ್ಟಿಕ್ಕುತ್ತಿತ್ತು.

ಅಮ್ಮ ಅಪ್ಪನ ಗಂಟು ಬಿಚ್ಚಿ ರೂಪಾಯಿಯನ್ನು ಹುಂಡಿಗೆ ಹಾಕಿದಳು. ತಡವಾದದ್ದಕ್ಕೆಂದು ಮೇಲೆ ಐನೂರು ಸೇರಿಸಿದಳು. ಪಾವಲಿಯನ್ನು ಮಾತ್ರ ಸ್ವಲ್ಪ ಹೊತ್ತು ಅಂಗೈಯಲ್ಲಿ ಹಿಡಿದುಕೊಂಡಿದ್ದಳು. ಆಮೇಲೆ ಹಾಕಿದಳು. ಕಬ್ಬಿಣದ ಹುಂಡಿಯೊಳಗೆ ಅದು ಬಿದ್ದ ಸದ್ದು ಬೇರೆಯೇ ಇತ್ತು, ಅಥವಾ ನನಗೆ ಹಾಗೆ ಕೇಳಿಸಿತು.

ಬಿಸಿ ಅಪ್ಪದ ಪೊಟ್ಟಣ ಹಿಡಿದು ಬರುವಾಗ ಅಮ್ಮ ಮೊದಲು ಜೀಪಿನವರ ಮನೆಯ ಮುಂದೆ ಕಾರು ನಿಲ್ಲಿಸಲು ಹೇಳಿದಳು. ಅವರ ಹೆಂಡತಿಗೆ ನಾಲ್ಕು ಅಪ್ಪ ಕೊಟ್ಟಳು. ಅವರು ತಟ್ಟೆಯನ್ನು ಬರಿದಾಗಿ ಹಿಂದೆ ಕೊಡುವವರಲ್ಲ, ಎರಡು ತೆಂಗಿನಕಾಯಿ ಇಟ್ಟು ಕೊಟ್ಟರು. ಮನೆಗೆ ಬಂದ ಮೇಲೆ ಅಮ್ಮ ಆ ಎರಡು ಬಟ್ಟೆಯ ಚೂರುಗಳನ್ನು ದಂಬೆಯಿಂದ ಬೀಳುವ ಸುರಂಗದ ನೀರಿನಲ್ಲಿ ಹಿಂಡಿ ತೊಳೆದು ಹಗ್ಗದಲ್ಲಿ ಆರಹಾಕಿದಳು. ಸಂಜೆಗೆ ಒಣಗಿದವು. ಮಡಚಿ ಮತ್ತೆ ಪೆಟ್ಟಿಗೆಯಲ್ಲಿಟ್ಟಳು.

ನಮಸ್ಕಾರ.